ಲಾರೆನ್ಸ್ ಬಾಯಿ ಬಿಡಬೇಕಿದ್ದ ಮಂಗಳವಾರ

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವದ ಕಡೆಯಿಂದ ಇಳಿದು ಹೊರಬಂದರೆ ಇವತ್ತು ಕಣ್ಣಿಗೆ ಬೀಳುವುದು ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಕೈಗಾಡಿಗಳು, ಹಾರ್ನು ಒತ್ತುವುದನ್ನು ನಿಲ್ಲಿಸದ ಟ್ಯಾಕ್ಸಿಗಳು. ಇದು ಒಂದು ಕಾಲಕ್ಕೆ ನಾಟಕದ ಬೀದಿಯಾಗಿತ್ತೆಂದರೆ ಹೊಸಬರು ನಂಬುವುದು ಕಷ್ಟ. 1846ರಲ್ಲಿ ಜಗನ್ನಾಥ ಶಂಕರಶೇಟರು ಕೊಟ್ಟ ಜಾಗದಲ್ಲಿ ಇಲ್ಲಿ ನಾಟಕಶಾಲೆ ಎದ್ದಿತು. 1853ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗ್ಲಿಯಿಂದ ಮೇಳ ಕಟ್ಟಿಕೊಂಡು ಬಂದು ಅಲ್ಲಿ ಆಡಿದರು. ಅದೇ ವರ್ಷ ಪಾರ್ಸಿಗಳ ಮೊದಲ ನಾಟಕ ಮಂಡಳಿಯೂ ಅಲ್ಲಿಯೇ ರಂಗ ಏರಿತು. ಈ ಕಥೆಯಲ್ಲಿ ಕನ್ನಡದ ಪಾಲೂ ಇದೆ. ಭಾವೆಯವರಿಗೆ ನಾಟಕದ ಗೀಳು ಹತ್ತಿಸಿದ್ದು ಉತ್ತರ ಕನ್ನಡದ ಕರ್ಕಿಯಿಂದ ಸಾಂಗ್ಲಿಯ ದರಬಾರಿಗೆ ಹೋಗಿದ್ದ ಯಕ್ಷಗಾನದ ಮೇಳ. ಆ ಆಟ ನೋಡಿದ ಮೇಲೆ 1843ರಲ್ಲಿ ಅವರು ಕಟ್ಟಿದ ಮೊದಲ ನಾಟಕ ‘ಸೀತಾ ಸ್ವಯಂವರ’. ತುಂಬಿದ ಸಭೆಯಲ್ಲಿ, ಸೋತ ರಾಜರು ನೋಡುತ್ತಿರುವಾಗಲೇ ಹುಡುಗಿ ಹಾರ ಹಾಕುವ ಮದುವೆ ಅದು.

ಈ ರಸ್ತೆಯ ಆಸುಪಾಸಿನಲ್ಲಿ ಬೆಳೆದ ಪಾರ್ಸಿ ಕಂಪನಿಗಳು ಷೇಕ್ಸ್‌ಪಿಯರನನ್ನು ಉರ್ದುವಿಗೂ ಗುಜರಾತಿಗೂ ಧಾರಾಳವಾಗಿ ತಂದುಕೊಂಡವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೆಹ್ದಿ ಹಸನ್ ಅಹ್ಸನ್ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ‘ಬಜ್ಮ್-ಎ-ಫಾನಿ’ ಎಂಬ ಹೆಸರಿನಲ್ಲಿ ಉರ್ದುವಿಗೆ ತಂದರು. ಅಲ್ಲಿಂದ ಮುಂದೆ ವೆರೋನಾದ ಆ ಜೋಡಿ ಮುಂಬೈಯ ಸಿನಿಮಾಗಳಲ್ಲಿ ಎಷ್ಟು ಸಲ ಹುಟ್ಟಿ ಎಷ್ಟು ಸಲ ಸತ್ತಿತೋ ಲೆಕ್ಕವಿಲ್ಲ. ಹುಡುಗ, ಹುಡುಗಿ, ಹಗೆ ಸಾಧಿಸುವ ಎರಡು ಮನೆತನ, ಕೊನೆಗೆ ಎರಡು ಹೆಣ. ಈ ಸಾಲಿನಲ್ಲಿ ಸದ್ದಿಲ್ಲದೆ ಬಿಟ್ಟುಹೋದವನು ಒಬ್ಬನಿದ್ದಾನೆ: ಆ ಇಬ್ಬರಿಗೆ ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ, ಫ್ರಯರ್ ಲಾರೆನ್ಸ್. ನಮ್ಮ ಸಿನಿಮಾದ ಪ್ರೇಮಿಗಳು ಪಾಳುಗುಡಿಯಲ್ಲಿ ತಾವೇ ಕುಂಕುಮ ಇಟ್ಟುಕೊಂಡುಬಿಡುತ್ತಾರೆ, ಮೂರನೆಯವನು ಬೇಕಾಗುವುದಿಲ್ಲ. ಹೀಗೆ ಮೂರನೆಯವನನ್ನು ಕೈಬಿಟ್ಟದ್ದರಿಂದ ಆ ನಾಟಕ ನಮಗೆ ಕೇಳಬಹುದಾಗಿದ್ದ ಪ್ರಶ್ನೆಯೊಂದು ಕೈತಪ್ಪಿದೆ. ಮದುವೆ ಮಾಡಿಸಿದವನ ಹೊಣೆ ಎಲ್ಲಿಯವರೆಗೆ?

ಲಾರೆನ್ಸನ ಮೇಲೆ ಸಾಮಾನ್ಯವಾಗಿ ಹೊರಿಸುವ ಆಪಾದನೆ ಒಂದೇ: ಹಿರಿಯರಿಗೆ ಹೇಳದೆ, ಎಳೆಯರ ಹಟಕ್ಕೆ ಕುಣಿದು, ಒಂದೇ ದಿನದಲ್ಲಿ ಮದುವೆ ಮಾಡಿಸಿಬಿಟ್ಟ. ಕಾಲೇಜಿನ ನೋಟ್ಸುಗಳಲ್ಲಿ ಇರುವುದು ಇದೇ, ಪರೀಕ್ಷೆಯಲ್ಲಿ ಬರೆದದ್ದೂ ಇದೇ. ನನಗೆ ಇದು ಒಪ್ಪಿಗೆಯಿಲ್ಲ. ಮದುವೆ ಮಾಡಿಸಿದ್ದು ಅವನ ತಪ್ಪೆಂದು ನಾನು ತಿಳಿಯುವುದಿಲ್ಲ. ಮಾಡಿಸಿದ ಮದುವೆಗೆ ಅವನು ಸಾಕ್ಷಿ ಹೇಳಲಿಲ್ಲ. ಹೇಳಲೇಬೇಕಾದ ದಿನ ಹೇಳಲಿಲ್ಲ. ಆ ದಿನ ಯಾವುದೆಂದು ನಾಟಕದಲ್ಲಿ ಬೆರಳಿಟ್ಟು ತೋರಿಸಬಹುದು.

ಮೊದಲು ಅವನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಷೇಕ್ಸ್‌ಪಿಯರ್ ಈ ಕಥೆಯನ್ನು ಎತ್ತಿಕೊಂಡದ್ದು ಆರ್ಥರ್ ಬ್ರೂಕ್ 1562ರಲ್ಲಿ ಅಚ್ಚು ಹಾಕಿಸಿದ ಒಂದು ದೀರ್ಘ ಕವಿತೆಯಿಂದ. ಬ್ರೂಕ್ ತನ್ನ ಮುನ್ನುಡಿಯಲ್ಲಿ ಇಂಥ ಸನ್ಯಾಸಿಗಳ ಮೇಲೆ ಕೆಂಡ ಕಾರುತ್ತಾನೆ. ಮೂಢನಂಬಿಕೆಯ ಈ ಜನರೇ ಹುಡುಗ ಹುಡುಗಿಯರ ದಾರಿ ಕೆಡಿಸುವವರು ಎನ್ನುತ್ತಾನೆ. ಪ್ರಾಟೆಸ್ಟಂಟ್ ಇಂಗ್ಲೆಂಡಿನಲ್ಲಿ ಕ್ಯಾಥಲಿಕ್ ಸನ್ಯಾಸಿಯನ್ನು ಬೈದರೆ ಕೇಳುವವರಿರಲಿಲ್ಲ, ನಗುವವರು ಬೇಕಾದಷ್ಟಿದ್ದರು. 1595ರ ಸುಮಾರಿಗೆ ನಾಟಕ ಬರೆಯಲು ಕುಳಿತ ಷೇಕ್ಸ್‌ಪಿಯರ್ ಆ ಸುಲಭದ ದಾರಿ ಹಿಡಿಯಲಿಲ್ಲ. ಅವನ ಲಾರೆನ್ಸ್ ನಮ್ಮ ಮುಂದೆ ಮೊದಲು ಬರುವುದೇ ಮುಂಜಾನೆ ಬುಟ್ಟಿ ಹಿಡಿದು ಗಿಡಮೂಲಿಕೆ ಆಯುತ್ತ. ಒಂದೇ ಹೂವಿನಲ್ಲಿ ಮದ್ದೂ ಇದೆ, ವಿಷವೂ ಇದೆ ಎಂದು ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹಳ್ಳಿಯ ನಾಟಿವೈದ್ಯನಂಥ ಮನುಷ್ಯ. ರೋಮಿಯೋ ಓಡಿಬಂದು ಮದುವೆ ಮಾಡಿಸು ಎಂದಾಗ, ನಿನ್ನೆಯವರೆಗೆ ಇನ್ನೊಬ್ಬಳಿಗಾಗಿ ಅಳುತ್ತಿದ್ದವನಲ್ಲವೇ ನೀನು ಎಂದು ಗದರಿಸುತ್ತಾನೆ. ಗದರಿಸಿಯೂ ಒಪ್ಪುತ್ತಾನೆ. ಅದಕ್ಕೆ ಅವನಿಗಿದ್ದ ಕಾರಣ ಒಂದೇ: ಈ ಮದುವೆಯಿಂದ ಎರಡು ಮನೆಗಳ ಹಗೆ ಕರಗಬಹುದು. ದಕ್ಷಿಣೆಯ ಆಸೆಯಾಗಲಿ, ಹೆದರಿಕೆಯಾಗಲಿ ಅವನಿಗಿಲ್ಲ. ನೆತ್ತರು ಹರಿಯುತ್ತಿದ್ದ ಊರಿನಲ್ಲಿ ಶಾಂತಿಯ ದಾರಿ ಹುಡುಕಿದ್ದು ಅವನೊಬ್ಬನೇ. ಊರಿನ ಪ್ರಭುವಿಗೆ ತೋಚಿದ್ದು ಗಲ್ಲಿನ ಬೆದರಿಕೆ ಮಾತ್ರ.

ಹಿರಿಯರ ಒಪ್ಪಿಗೆಯ ಮಾತು ಇನ್ನೊಂದಿದೆ. ಇಲ್ಲಿ ನಾವು ನಮ್ಮ ಮನೆಯ ರೂಢಿಯನ್ನು ಯೂರೋಪಿನ ಮೇಲೆ ಹೊರಿಸುವುದುಂಟು. ಆದರೆ ಹನ್ನೆರಡನೆಯ ಶತಮಾನದಿಂದಲೂ ರೋಮಿನ ಚರ್ಚ್ ಎತ್ತಿಹಿಡಿದದ್ದು ಒಂದೇ ತತ್ತ್ವ: ಮದುವೆಯನ್ನು ಮದುವೆಯಾಗಿಸುವುದು ಗಂಡು ಹೆಣ್ಣುಗಳ ಒಪ್ಪಿಗೆ. ತಂದೆಯ ಒಪ್ಪಿಗೆಯಿಲ್ಲದ ಮದುವೆಯನ್ನು ಅದು ಬೈದಿರಬಹುದು, ಪಾಪವೆಂದಿರಬಹುದು. ಮದುವೆಯೇ ಅಲ್ಲ ಎನ್ನಲಿಲ್ಲ. ಇದರಿಂದ ತೊಂದರೆಗಳೂ ಹುಟ್ಟಿದವು. ಕತ್ತಲಲ್ಲಿ ಮಾತು ಕೊಟ್ಟು ಬೆಳಕಿನಲ್ಲಿ ಅಲ್ಲಗಳೆಯುವ ಗಂಡಸರು ಎಲ್ಲ ಕಾಲಕ್ಕೂ ಇದ್ದವರೇ. ಅದಕ್ಕೆಂದೇ 1563ರಲ್ಲಿ ಟ್ರೆಂಟ್ ಧರ್ಮಸಭೆ ಹೊಸ ಕಟ್ಟಳೆ ತಂದಿತು. ಇನ್ನು ಮುಂದೆ ಊರಿನ ಪಾದ್ರಿ, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಎದುರಿಗಿಲ್ಲದ ಮದುವೆ ಊರ್ಜಿತವಲ್ಲ. ಆ ಸಭೆಯಲ್ಲಿ ತಂದೆತಾಯಿಯ ಒಪ್ಪಿಗೆಯನ್ನೂ ಕಡ್ಡಾಯ ಮಾಡಿ ಎಂದು ಫ್ರಾನ್ಸಿನ ಕಡೆಯವರು ಬಹಳ ಒತ್ತಾಯಿಸಿದರು. ಸಭೆ ಒಪ್ಪಲಿಲ್ಲ. ಸಾಕ್ಷಿ ಬೇಕು, ಅಪ್ಪಣೆ ಬೇಡ ಎಂದಾಯಿತು. ಈ ಎರಡು ಮಾತುಗಳ ನಡುವಿನ ಅಂತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಈ ಲೇಖನಕ್ಕೆ ಆಧಾರವೂ ಅದೇ. ಅಪ್ಪಣೆ ಕೇಳುವವನು ಹುಡುಗಿಯನ್ನು ತಂದೆಯ ಸೊತ್ತೆಂದು ಒಪ್ಪಿಕೊಂಡಿರುತ್ತಾನೆ. ಸಾಕ್ಷಿ ಕೇಳುವವನು ಅವಳ ಮಾತಿಗೆ ಬೆಲೆ ಬರಲಿ ಎಂದು ಕೇಳುತ್ತಾನೆ. ಪಾದ್ರಿಯ ಕೆಲಸ ಮಂತ್ರ ಹೇಳುವುದಕ್ಕೆ ಮುಗಿಯುವುದಿಲ್ಲ. ಇವರಿಬ್ಬರು ನನ್ನ ಮುಂದೆ ಮನಸ್ಸಾರೆ ಒಪ್ಪಿದರು ಎಂದು ನಾಳೆ ಯಾರು ಕೇಳಿದರೂ ಎದೆ ತಟ್ಟಿ ಹೇಳಬಲ್ಲವನು ಅವನು.

ಈಗ ನಾಟಕದ ದಿನಗಳ ಲೆಕ್ಕಕ್ಕೆ ಬರೋಣ. ಬ್ರೂಕ್‌ನ ಕವಿತೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಷೇಕ್ಸ್‌ಪಿಯರ್ ಐದು ದಿನದೊಳಗೆ ಹಿಂಡಿದ. ಭಾನುವಾರ ರಾತ್ರಿ ಔತಣದಲ್ಲಿ ಕಣ್ಣು ಕಲೆಯುತ್ತದೆ. ಸೋಮವಾರ ಮಧ್ಯಾಹ್ನ ಲಾರೆನ್ಸನ ಕೋಣೆಯಲ್ಲಿ ಮದುವೆ. ಅದಾಗಿ ಸ್ವಲ್ಪ ಹೊತ್ತಿಗೇ ಬೀದಿಯ ಜಗಳದಲ್ಲಿ ಜೂಲಿಯೆಟ್‌ಳ ಮನೆಯ ಹುಡುಗ ಟಿಬಾಲ್ಟ್ ರೋಮಿಯೋನ ಗೆಳೆಯನನ್ನು ಕೊಲ್ಲುತ್ತಾನೆ, ರೋಮಿಯೋ ಟಿಬಾಲ್ಟ್‌ನನ್ನು ಕೊಲ್ಲುತ್ತಾನೆ, ರೋಮಿಯೋಗೆ ಗಡಿಪಾರು. ಅಂದು ರಾತ್ರಿ ತನ್ನ ಕೋಣೆಯಲ್ಲಿ ಅಡಗಿ ನೆಲದ ಮೇಲೆ ಹೊರಳಾಡುತ್ತಿದ್ದ ಹುಡುಗನನ್ನು ಲಾರೆನ್ಸ್ ಎಬ್ಬಿಸಿ ಕೂರಿಸಿ ಒಂದು ಮಾತು ಕೊಡುತ್ತಾನೆ: ನೀನು ಮ್ಯಾಂಟುವಾಕ್ಕೆ ಹೋಗಿರು, ಸಮಯ ನೋಡಿ ನಿಮ್ಮ ಮದುವೆಯನ್ನು ಬಹಿರಂಗಪಡಿಸುತ್ತೇವೆ, ಎರಡೂ ಮನೆಯವರನ್ನು ಒಂದು ಮಾಡುತ್ತೇವೆ, ಪ್ರಭುವಿನ ಕ್ಷಮೆ ಕೇಳುತ್ತೇವೆ, ನಿನ್ನನ್ನು ಮರಳಿ ಕರೆಸುತ್ತೇವೆ. ಅಂದರೆ ಈ ಮದುವೆ ಎಂದೆಂದಿಗೂ ಗುಟ್ಟಾಗಿರಬೇಕೆಂದು ಅವನೂ ಎಣಿಸಿರಲಿಲ್ಲ. ಬಾಯಿ ಬಿಡುವ ಕೆಲಸ ತನ್ನದೆಂದು ಅವನಿಗೆ ಗೊತ್ತಿತ್ತು. ಅದನ್ನು ಅವನೇ ಒಪ್ಪಿಕೊಂಡಿದ್ದ.

ಸಮಯ ಮರುದಿನವೇ ಬಂತು. ಮಂಗಳವಾರ. ಜೂಲಿಯೆಟ್‌ಳ ತಂದೆ ಕ್ಯಾಪುಲೆಟ್ ಮಗಳನ್ನು ಬೇರೊಬ್ಬ ವರ ಪ್ಯಾರಿಸ್‌ಗೆ ಕೊಡುವುದೆಂದೂ ಗುರುವಾರವೇ ಮದುವೆಯೆಂದೂ ಗೊತ್ತು ಮಾಡಿಬಿಟ್ಟಿದ್ದಾನೆ. ಒಪ್ಪದಿದ್ದರೆ ಬೀದಿಗೆ ತಳ್ಳುತ್ತೇನೆ ಎನ್ನುತ್ತಾನೆ. ಆಗ ಲಾರೆನ್ಸನ ಕೋಣೆಗೆ ಬರುವವನು ಯಾರು? ಸ್ವತಃ ಪ್ಯಾರಿಸ್. ಗುರುವಾರದ ಮದುವೆಗೆ ಏರ್ಪಾಡು ಮಾಡಿ ಎಂದು ಕೇಳಿಕೊಂಡು ಬಂದಿದ್ದಾನೆ. ಇಡೀ ನಾಟಕದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಗಳಿಗೆ ಇದು; ಸಮಾಧಿಯ ದೃಶ್ಯ ಕೂಡ ಇಷ್ಟು ಕಾಡುವುದಿಲ್ಲ. ಒಂದು ಕೋಣೆ, ಇಬ್ಬರು ಗಂಡಸರು. ಒಬ್ಬನಿಗೆ ಹುಡುಗಿ ಮದುವೆಯಾದವಳೆಂದು ಗೊತ್ತಿದೆ, ಇನ್ನೊಬ್ಬನಿಗೆ ಗೊತ್ತಿಲ್ಲ. ಪ್ಯಾರಿಸ್ ದುಷ್ಟನಲ್ಲ, ಮರ್ಯಾದಸ್ಥ. ಅದಕ್ಕಿಂತ ಮುಖ್ಯವಾಗಿ ಅವನು ಊರ ಪ್ರಭುವಿನ ನೆಂಟ. ಅವನಿಗೆ ಹೇಳಿದರೆ ಪ್ರಭುವಿಗೆ ಹೇಳಿದಂತೆ. ‘ಅಪ್ಪಾ, ಆ ಹುಡುಗಿಗೆ ನಿನ್ನೆ ಮದುವೆಯಾಗಿದೆ, ಮಾಡಿಸಿದವನು ನಾನೇ’ ಎಂಬ ಒಂದು ಮಾತು ಸಾಕಿತ್ತು. ಹೆಂಡತಿಯಾದವಳನ್ನು ಇನ್ನೊಬ್ಬನಿಗೆ ಕಟ್ಟಲು ಆ ಊರಿನ ಯಾವ ಧರ್ಮವೂ ಬಿಡುತ್ತಿರಲಿಲ್ಲ, ಯಾವ ಕಾನೂನೂ ಬಿಡುತ್ತಿರಲಿಲ್ಲ. ಲಾರೆನ್ಸ್ ಹೇಳುವುದೇನು? ಸಮಯ ಬಹಳ ಕಡಿಮೆಯಾಯಿತು ಎನ್ನುತ್ತಾನೆ. ಹುಡುಗಿಯ ಮನಸ್ಸು ತಿಳಿದಿಲ್ಲವಲ್ಲ ಎಂದು ರಾಗ ಎಳೆಯುತ್ತಾನೆ. ತಡ ಮಾಡಬೇಕಾದ ಕಾರಣ ತನಗೆ ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು ಎಂದು ತನ್ನೊಳಗೇ ಗೊಣಗಿಕೊಳ್ಳುತ್ತಾನೆ. ಅಷ್ಟರಲ್ಲಿ ಜೂಲಿಯೆಟ್ ಬರುತ್ತಾಳೆ. ಹದಿನಾಲ್ಕು ತುಂಬದ ಆ ಹುಡುಗಿ, ತನ್ನನ್ನು ಹೆಂಡತಿಯೆಂದು ಕರೆಯುವ ಪರಗಂಡಸಿನ ಜೊತೆ ತಪ್ಪದೆ ಸುಳ್ಳಾಡದೆ ಮಾತು ತೂಗಿಸಬೇಕಾಗುತ್ತದೆ. ಹಿರಿಯನಾದವನು ಪಕ್ಕದಲ್ಲಿ ನಿಂತು ಕೇಳುತ್ತಿರುತ್ತಾನೆ.

ಪ್ಯಾರಿಸ್ ಹೋದ ಮೇಲೆ ಅವನು ಅವಳ ಕೈಗೆ ಕೊಡುವುದು ಶೀಷೆ. ಕುಡಿದರೆ ನಲವತ್ತೆರಡು ಗಂಟೆ ಸತ್ತಂತೆ ಮಲಗಿಸುವ ಮದ್ದು. ಬಾಯಿಂದ ಹೊರಡಬೇಕಿದ್ದ ಮಾತಿಗೆ ಬದಲಾಗಿ ಮೂಲಿಕೆಯ ರಸ ಹೊರಟಿತು. ಸತ್ಯ ಹೇಳಲು ಹೆದರಿದವನು ಸಾವನ್ನೇ ನಟಿಸಲು ಆ ಮಗುವಿಗೆ ಹೇಳಿಕೊಟ್ಟ. ಆ ನಟನೆಯ ಅಪಾಯವೆಲ್ಲ ಅವಳದು. ಶೀಷೆ ಎತ್ತುವ ಮುನ್ನ, ಮದುವೆ ಮಾಡಿಸಿದ ಅವಮಾನ ತಪ್ಪಿಸಿಕೊಳ್ಳಲು ಈ ಪಾದ್ರಿ ನನಗೆ ನಿಜವಾದ ವಿಷವನ್ನೇ ಕೊಟ್ಟಿರಬಹುದೇ ಎಂದು ಜೂಲಿಯೆಟ್ ಒಂದು ಕ್ಷಣ ಯೋಚಿಸುತ್ತಾಳೆ. ನಂಬಿಕೆಯಿಂದಲೇ ಆ ಯೋಚನೆಯನ್ನು ತಳ್ಳಿಹಾಕುತ್ತಾಳೆ. ಆದರೆ ಅವಳ ಅನುಮಾನ ಗುರಿ ತಪ್ಪಿರಲಿಲ್ಲ. ಮದ್ದು ವಿಷವಾಗಿರಲಿಲ್ಲ ನಿಜ. ಅವಮಾನದ ಹೆದರಿಕೆ ಮಾತ್ರ ಅಲ್ಲಿ ಇದ್ದೇ ಇತ್ತು.

ಲಾರೆನ್ಸನ ಪರವಾಗಿ ಇಲ್ಲೊಂದು ಗಟ್ಟಿಯಾದ ವಾದವಿದೆ, ಅದನ್ನು ಹಾರಿಸಿ ಹೋಗಲಾರೆ. ಮಂಗಳವಾರ ಅವನು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಹಿಂದಿನ ದಿನವಷ್ಟೇ ರೋಮಿಯೋ ಆ ಮನೆಯ ಹುಡುಗನನ್ನು ಕೊಂದಿದ್ದಾನೆ. ಕೊಲೆಗಾರನೇ ಅಳಿಯ ಎಂದು ಗೊತ್ತಾದರೆ ಕ್ಯಾಪುಲೆಟ್ ಮಗಳನ್ನು ಕೊಂದೇ ಬಿಡುತ್ತಿದ್ದನೇನೋ. ಮ್ಯಾಂಟುವಾಕ್ಕೆ ವಿಷ ಹಾಕುವವನನ್ನು ಕಳಿಸುತ್ತೇನೆಂದು ಅವಳ ತಾಯಿ ಅದಾಗಲೇ ಹೇಳಿದ್ದಳು. ಮೌನ ಇಲ್ಲಿ ಹುಡುಗಿಗೆ ರಕ್ಷೆಯಾಗಿತ್ತಲ್ಲವೇ? ಅಪಾಯ ಇತ್ತೆಂಬುದನ್ನು ಒಪ್ಪುತ್ತೇನೆ. ಆದರೆ ಹೇಳಬೇಕಾದದ್ದು ಕ್ಯಾಪುಲೆಟ್‌ಗೇ, ಅವನ ಮನೆಯಲ್ಲೇ ಆಗಬೇಕೆಂದು ಯಾರು ಹೇಳಿದರು? ಹುಡುಗಿಯನ್ನು ತನ್ನ ಮಠದಲ್ಲಿ ಇರಿಸಿಕೊಂಡು, ಪ್ರಭುವಿನ ಮುಂದೆ ಹೋಗಿ ನಿಂತು, ಇವಳೀಗ ನನ್ನ ಆಶ್ರಯದಲ್ಲಿದ್ದಾಳೆ, ಇವಳ ಮದುವೆಗೆ ನಾನು ಸಾಕ್ಷಿ ಎನ್ನಬಹುದಿತ್ತು. ಅವಳು ಬಂದು ನಿಂತದ್ದೂ ಅವನ ಕೋಣೆಯಲ್ಲೇ. ಊರೆಲ್ಲ ಸಂತನೆಂದು ಕೈಮುಗಿಯುತ್ತಿದ್ದ ಮನುಷ್ಯ ಅವನು. ಆ ಗೌರವವೇ ಅವನ ಕೈಯಲ್ಲಿದ್ದ ಏಕೈಕ ಬಂಡವಾಳ. ಅದನ್ನು ಖರ್ಚು ಮಾಡಬೇಕಾದ ದಿನ ಅವನು ಜೋಪಾನ ಮಾಡಿದ. ಅವನು ಮಂಗಳವಾರ ಆಡಬೇಕಿದ್ದ ಮಾತನ್ನು ಗುರುವಾರ ಬೆಳಗ್ಗೆ ಸಮಾಧಿಯ ಬಳಿ ಆಡುತ್ತಾನೆ ಎಂಬುದನ್ನು ನೆನೆದರೆ ಹೊಟ್ಟೆ ಕಲಕುತ್ತದೆ. ಮದುವೆ ಮಾಡಿಸಿದ್ದು ನಾನು, ಮದ್ದು ಕೊಟ್ಟದ್ದು ನಾನು, ತಪ್ಪಿದ್ದರೆ ಈ ಮುದಿಜೀವವನ್ನು ಕಾನೂನಿಗೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಒಂದಿಷ್ಟೂ ಮುಚ್ಚಿಡದೆ ಆಡಿದ, ನೇರವಾದ ಮಾತು. ಕೇಳಿದ ಎರಡೂ ಮನೆಯವರು ಅಲ್ಲಿಯೇ ಕೈ ಹಿಡಿದುಕೊಳ್ಳುತ್ತಾರೆ. ಇದೇ ಮಾತಿಗೆ ಎರಡು ದಿನ ಮೊದಲು ಇದರ ಕಾಲು ಭಾಗ ಶಕ್ತಿಯೂ ಇರುತ್ತಿರಲಿಲ್ಲವೇ? ಇರುತ್ತಿರಲಿಲ್ಲ ಎನ್ನುವವರು, ಹೆಣ ಬಿದ್ದ ಹೊರತು ಮನುಷ್ಯರ ಮನಸ್ಸು ಕರಗುವುದಿಲ್ಲ ಎಂದು ನಂಬಿದವರು. ನಾನು ಹಾಗೆ ನಂಬಲಾರೆ.

ನಡುವೆ ಬುಧವಾರದ ಒಂದು ದೃಶ್ಯವಿದೆ. ರಂಗದ ಮೇಲೆ ಇದನ್ನು ಕತ್ತರಿಸುವವರೇ ಹೆಚ್ಚು. ಮಗಳು ಸತ್ತಳೆಂದು ಮನೆಯವರೆಲ್ಲ ಎದೆ ಬಡಿದುಕೊಳ್ಳುತ್ತಿರುವಾಗ ಲಾರೆನ್ಸ್ ಬಂದು ಅವರನ್ನು ಗದರಿಸುತ್ತಾನೆ: ಅಳಬೇಡಿ, ಅವಳು ಸ್ವರ್ಗಕ್ಕೆ ಹೋಗಿದ್ದಾಳೆ, ಇದಕ್ಕಿಂತ ಹೆಚ್ಚಿನದನ್ನು ನೀವು ಅವಳಿಗೆ ಬಯಸಿದ್ದಿರೇ? ಅವಳು ಬದುಕಿದ್ದಾಳೆಂದು ತಿಳಿದೂ ಸಾವಿನ ಉಪದೇಶ ಮಾಡುತ್ತಾನೆ. ಪವಿತ್ರವಾದ ಮಾತುಗಳನ್ನು ಸುಳ್ಳಿನ ಮೇಲೆ ಹೊದಿಸುವ ಕೆಲಸ ಇದು. ಒಮ್ಮೆ ಮೌನ ಮುರಿಯದವನು ಮರುದಿನ ಸುಳ್ಳು ಹೇಳಲೇಬೇಕಾಯಿತು, ಅದೂ ದೇವರ ಹೆಸರಿನಲ್ಲಿ. ಮುಂದಿನದ್ದು ಎಲ್ಲರಿಗೂ ಗೊತ್ತು. ಪ್ಲೇಗಿನ ಶಂಕೆಯಿಂದ ಒಂದು ಮನೆಗೆ ಬೀಗ ಬಿತ್ತು, ಒಳಗೆ ಸಿಕ್ಕಿಬಿದ್ದ ಇನ್ನೊಬ್ಬ ಸನ್ಯಾಸಿಯ ಕೈಯಲ್ಲಿದ್ದ, ರೋಮಿಯೋಗೆ ಮದ್ದಿನ ಗುಟ್ಟು ತಿಳಿಸುವ ಕಾಗದ ಮ್ಯಾಂಟುವಾ ಮುಟ್ಟಲಿಲ್ಲ. ವಿಧಿ ಎಂದು ನಾವು ಕರೆಯುವುದು ಈ ಪ್ಲೇಗಿನ ಮನೆಯನ್ನು. ಆದರೆ ಒಂದು ಕಾಗದ ತಲುಪದಿದ್ದರೆ ಇಬ್ಬರು ಸಾಯುವಂಥ ಸ್ಥಿತಿ ತಂದವನು ಯಾರು? ಊರಿನ ನಾಲ್ಕು ಮಂದಿಗೆ ಗೊತ್ತಿದ್ದ ಮದುವೆಯನ್ನು ಒಂದು ಕಾಗದದ ಮೇಲೆ ನೇತುಹಾಕುವ ಅಗತ್ಯ ಯಾರಿಗೂ ಬರುವುದಿಲ್ಲ. ಕೊನೆಗೆ ಸಮಾಧಿಯೊಳಗೆ ಹುಡುಗಿ ಕಣ್ಣು ಬಿಡುತ್ತಾಳೆ, ಪಕ್ಕದಲ್ಲಿ ಗಂಡನ ಹೆಣ. ಹೊರಗೆ ಕಾವಲಿನವರ ಸದ್ದು. ಲಾರೆನ್ಸ್, ಬಾ, ನಿನ್ನನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸುತ್ತೇನೆ ಎನ್ನುತ್ತಾನೆ. ಅವಳು ಬರುವುದಿಲ್ಲ. ಅವನು ಅವಳನ್ನು ಕಠಾರಿಯ ಪಕ್ಕ ಬಿಟ್ಟು ಓಡುತ್ತಾನೆ.

ನಮ್ಮ ಕಡೆ ಈ ಕಥೆ ಬೇರೆ ಬೇರೆ ರೂಪದಲ್ಲಿ ನಡೆದಿದೆ. 1889ರಲ್ಲಿ ಆನಂದರಾಯರು ಇದನ್ನು ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ತಂದಾಗ ಪ್ರೇಮಿಗಳನ್ನು ಸಾಯಲು ಬಿಡಲಿಲ್ಲ, ದೈವಕೃಪೆಯಿಂದ ಬದುಕಿಸಿಕೊಂಡರು. ಸಾವಿನಲ್ಲಿ ನಾಟಕ ಮುಗಿಸದ ನಮ್ಮ ಹಳೆಯ ರೂಢಿಗೆ ಅದು ಸಹಜ. ಆದರೆ ಸತ್ತವರು ಎದ್ದು ಕೂತರೆ ಗುಟ್ಟು ಇಟ್ಟವನನ್ನು ಯಾರೂ ಏನೂ ಕೇಳಬೇಕಾಗಿಲ್ಲ, ಎಲ್ಲ ದೇವರ ಖಾತೆಗೆ. ಕಾಳಿದಾಸನ ಶಾಕುಂತಲದಲ್ಲಿ ಇನ್ನೊಂದು ಬಗೆ ಇದೆ. ಅಲ್ಲಿಯೂ ಗುಟ್ಟಿನ ಮದುವೆ. ಪುರೋಹಿತನೂ ಇಲ್ಲ, ಇದ್ದ ಸಾಕ್ಷಿ ಒಂದು ಉಂಗುರ, ಅದೂ ನೀರುಪಾಲು. ಆದರೆ ತೀರ್ಥಯಾತ್ರೆಯಿಂದ ಮರಳಿದ ಕಣ್ವ ವಿಷಯ ತಿಳಿದು ಬಚ್ಚಿಡುವುದಿಲ್ಲ. ಶಿಷ್ಯರನ್ನು ಜೊತೆಮಾಡಿ ಮಗಳನ್ನು ಹಾಡಹಗಲೇ ರಾಜಧಾನಿಗೆ ಕಳಿಸುತ್ತಾನೆ. ರಾಜ ಗುರುತಿಲ್ಲವೆಂದಾಗ ಕಾಡಿನ ಹುಡುಗ ಶಾರ್ಙ್ಗರವ ತುಂಬಿದ ಆಸ್ಥಾನದಲ್ಲಿ ರಾಜನ ಮುಖಕ್ಕೇ ಎದುರಾಡುತ್ತಾನೆ. ಆಮೇಲೆ ಅವಳನ್ನು ಅಲ್ಲಿಯೇ ಬಿಟ್ಟು ಹೋಗುತ್ತಾನೆ ಎಂಬುದು ಆ ಮಹಾನಾಟಕದ ಗಾಯ. ಆದರೂ ಆಡಬೇಕಾದ ಮಾತನ್ನು ಆಡಬೇಕಾದ ಕಡೆ ಆಡಿದ.

ಕನ್ನಡಿಗರ ಮನಸ್ಸಿಗೆ ಇನ್ನೂ ಹತ್ತಿರದವನು ಚಾಮಯ್ಯ ಮೇಷ್ಟ್ರು. 1972ರ ‘ನಾಗರಹಾವು’ ನೋಡಿದ ಯಾರಿಗೂ ಅಶ್ವಥ್ ಅವರ ಆ ಮುಖ ಮರೆಯುವುದಿಲ್ಲ. ಲಾರೆನ್ಸ್ ಹೂಂ ಎಂದವನು, ಚಾಮಯ್ಯ ಬೇಡ ಎಂದವನು. ರಾಮಾಚಾರಿಯ ಪ್ರೀತಿಯ ಗುರುವಾಗಿ, ಅದೇ ಪ್ರೀತಿಯ ಬಲದಿಂದ ನೀನು ಮೆಚ್ಚಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಮಾತು ತೆಗೆದುಕೊಂಡರು. ಹುಡುಗ ಬಿಟ್ಟುಕೊಟ್ಟ, ಅಲಮೇಲು ಹಾಳಾದಳು. ಮುಂದೆ ಅವನು ಪ್ರೀತಿಸಿದ ಮಾರ್ಗರೆಟ್‌ಳ ವಿಷಯದಲ್ಲೂ ಮೇಷ್ಟ್ರು ಅಡ್ಡ ಬಂದಾಗ ಚಿತ್ರದುರ್ಗದ ಬಂಡೆಯ ಮೇಲೆ ಮೂರು ಜೀವ ಹೋಯಿತು. ಮೇಲುನೋಟಕ್ಕೆ ಇಬ್ಬರೂ ವಿರುದ್ಧ ದಿಕ್ಕಿನವರು. ಆದರೆ ನನಗೆ ಇಬ್ಬರೂ ಒಂದೇ ಕಡೆ ಎಡವಿದವರಂತೆ ಕಾಣುತ್ತಾರೆ. ಎಳೆಯರು ತಮ್ಮ ಮೇಲಿಟ್ಟ ನಂಬಿಕೆಯನ್ನು ಇಬ್ಬರೂ ಎಳೆಯರ ಕಡೆಗೆ ತಿರುಗಿಸಿದರು. ಊರಿನ ಕಡೆಗೆ ತಿರುಗಿ ನಿಲ್ಲಲಿಲ್ಲ. ಚಾಮಯ್ಯ ಮೇಷ್ಟ್ರು ಹುಡುಗನಿಗೆ ಹೇಳಿದ ಬುದ್ಧಿಯನ್ನು ಒಮ್ಮೆ ದುರ್ಗದ ದೊಡ್ಡವರಿಗೆ ಹೇಳಿದ್ದರೆ?

ಊರಿನ ಕಡೆಗೆ ತಿರುಗಿ ನಿಂತವರೂ ನಮ್ಮಲ್ಲಿ ಇದ್ದರು. ಶರಣ ಪರಂಪರೆ ಹೇಳುವ ಕಲ್ಯಾಣದ ಕಥೆಯಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ನಡೆದ ಮದುವೆ ಗುಟ್ಟಿನದಲ್ಲ. ಇಬ್ಬರ ತಂದೆಯರೂ ಒಪ್ಪಿದ್ದರು, ಶರಣರೆಲ್ಲ ನೆರೆದಿದ್ದರು. ಅದಕ್ಕೆ ತೆತ್ತ ಬೆಲೆಯೂ ಗೊತ್ತಿದ್ದದ್ದೇ. ಹರಳಯ್ಯ ಮಧುವರಸರಿಗೆ ಘೋರವಾದ ಶಿಕ್ಷೆಯಾಯಿತು, ಕಲ್ಯಾಣ ಹೊತ್ತಿ ಉರಿಯಿತು. ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಈ ಮದುವೆಯ ಸುದ್ದಿ ಕೇಳಿ ಹಿಂದುಮುಂದು ನೋಡುವ ಬಸವಣ್ಣನನ್ನು ಚಿತ್ರಿಸಿದ್ದಾರೆ. ಊರು ಇದಕ್ಕೆ ಸಿದ್ಧವಾಗಿದೆಯೇ, ಈ ಮಕ್ಕಳ ಗತಿ ಏನು ಎಂಬ ಅಳುಕು ಅವನಿಗಿದೆ. ಲಾರೆನ್ಸನಿಗೆ ಬರಬೇಕಾಗಿದ್ದ ಅಳುಕು ಅದು, ಮದುವೆಗೆ ಮುಂಚೆ. ಅಳುಕಿದ ಮೇಲೂ ಬಸವಣ್ಣ ಅದನ್ನು ಮುಚ್ಚಿಡಲಿಲ್ಲ. ಗುಟ್ಟಾಗಿ ಮಾಡಿಸಿಬಿಟ್ಟಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎನ್ನುವವರಿದ್ದಾರೆ. ಬಹಿರಂಗವಾದ ಮಾತ್ರಕ್ಕೆ ಜೀವ ಉಳಿಯುತ್ತದೆಂದು ನಾನೂ ಹೇಳುತ್ತಿಲ್ಲ. ಕಲ್ಯಾಣವೇ ಅದಕ್ಕೆ ಎದುರು ನಿದರ್ಶನ. ಆದರೆ ಅಲ್ಲಿ ಕೊಲೆಯಾದಾಗ ಕೊಂದವರು ಯಾರು, ಏಕೆ ಕೊಂದರು ಎಂಬುದು ಲೋಕಕ್ಕೆ ನಿಚ್ಚಳವಾಗಿ ತಿಳಿಯಿತು. ಎಂಟುನೂರು ವರ್ಷವಾದರೂ ನಾವು ಆ ಮದುವೆಯನ್ನು ತಪ್ಪೆಂದು ನೆನೆಯುವುದಿಲ್ಲ, ಆ ಶಿಕ್ಷೆಯನ್ನು ತಪ್ಪೆಂದು ನೆನೆಯುತ್ತೇವೆ.

ಮತ್ತೆ ಗ್ರಾಂಟ್ ರೋಡಿಗೆ ಬರುತ್ತೇನೆ. ಸ್ಟೇಷನ್ನಿನಿಂದ ದಕ್ಷಿಣಕ್ಕೆ ಗಿರ್ಗಾಂವಿನ ಕಡೆ ನಡೆಯುತ್ತ ಹೋದರೆ ಪ್ರಾರ್ಥನಾ ಸಮಾಜ ಎಂಬ ಹೆಸರಿನ ಚೌಕ ಸಿಗುತ್ತದೆ. 1867ರಲ್ಲಿ ಹುಟ್ಟಿದ ಸಂಸ್ಥೆಯ ಹೆಸರು ಅದು. ಇನ್ನೂ ಸ್ವಲ್ಪ ಮುಂದೆ ಕಾಕಡವಾಡಿಯ ಆರ್ಯ ಸಮಾಜ. 1875ರ ಏಪ್ರಿಲ್‌ನಲ್ಲಿ ದಯಾನಂದ ಸರಸ್ವತಿಯವರು ಆರ್ಯ ಸಮಾಜವನ್ನು ಸ್ಥಾಪಿಸಿದ್ದು ಈ ಗಿರ್ಗಾಂವಿನಲ್ಲಿಯೇ. ಈ ಒಂದೆರಡು ಮೈಲಿಯೊಳಗೆ ಮದುವೆ ಮಾಡಿಸುವವನ ಹೊಣೆಯ ಇಡೀ ಚರಿತ್ರೆ ಅಡಗಿದೆ. 1869ರಲ್ಲಿ ಈ ನಗರದಲ್ಲಿ ವಿಷ್ಣುಶಾಸ್ತ್ರಿ ಪಂಡಿತರು ಒಂದು ವಿಧವಾ ವಿವಾಹ ಮಾಡಿಸಿದರು. ಗುಟ್ಟಾಗಿ ಮಾಡಿಸಬಹುದಿತ್ತು, ಕಾನೂನು 1856ರಲ್ಲೇ ಅದಕ್ಕೆ ಅವಕಾಶ ಕೊಟ್ಟಿತ್ತು. ಅವರು ಆಮಂತ್ರಣ ಹೊರಡಿಸಿದರು. ಅದಕ್ಕೆ ತಮ್ಮ ಹೆಸರು ಕೊಟ್ಟವರಲ್ಲಿ ಮಹಾದೇವ ಗೋವಿಂದ ರಾನಡೆಯವರೂ ಇದ್ದರು. ಮದುಮಕ್ಕಳ ಜೊತೆಗೆ ಹೆಸರು ಕೊಟ್ಟವರಿಗೂ ಬಹಿಷ್ಕಾರ ಬಿತ್ತು. ಆಮಂತ್ರಣದ ಕೆಳಗೆ ಹಾಕುವ ಒಂದು ಹೆಸರಿಗೆ ಎಂಥ ತೂಕವಿರುತ್ತದೆಂದು ಆ ಹೆಸರುಗಳಿಗೆ ಬೆದರಿ ಬಹಿಷ್ಕಾರ ಹಾಕಿದ ಮಠದವರಿಗೆ ಚೆನ್ನಾಗಿ ಗೊತ್ತಿತ್ತು.

1937ರಲ್ಲಿ ಆರ್ಯ ವಿವಾಹ ಊರ್ಜಿತ ಕಾಯಿದೆ ಬಂದ ಮೇಲೆ ಜಾತಿ ಮೀರಿ ಮದುವೆಯಾಗುವ ಆರ್ಯ ಸಮಾಜಿಗಳಿಗೆ ಕಾನೂನಿನ ನೆಲೆ ಸಿಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಮನೆ ಬಿಟ್ಟು ಬಂದ ಎಷ್ಟೋ ಜೋಡಿಗಳಿಗೆ ಆರ್ಯ ಸಮಾಜದ 'ಮಂದಿರ' ದೇಶದುದ್ದಕ್ಕೂ ಆಸರೆಯಾಯಿತು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಕಾಲ ಕಳೆದಂತೆ ಅದೇ ಹೆಸರಿನ ಬೋರ್ಡು ಹಾಕಿಕೊಂಡು ಒಂದು ಗಂಟೆಯಲ್ಲಿ ಹೋಮ, ಹಾರ, ಸರ್ಟಿಫಿಕೇಟು ಕೊಟ್ಟು ಕಳಿಸುವ ಜಾಗಗಳೂ ಹುಟ್ಟಿಕೊಂಡವು. ನಾಳೆ ಹುಡುಗಿಯ ಅಣ್ಣಂದಿರು ಬಂದಾಗ, ಪೊಲೀಸರು ಕೇಳಿದಾಗ, ಕೋರ್ಟಿನಲ್ಲಿ ಪ್ರಶ್ನೆ ಎದ್ದಾಗ ಹೋಮ ಮಾಡಿಸಿದವರು ಕಾಣಸಿಗುವುದಿಲ್ಲ. ಕಾಗದ ಕೊಟ್ಟು ಕೈತೊಳೆದುಕೊಳ್ಳುವ ಇಂಥವರಿಗೂ ಶೀಷೆ ಕೊಟ್ಟು ಕಳಿಸಿದ ಲಾರೆನ್ಸನಿಗೂ ಬಹಳ ದೂರವಿಲ್ಲ.

ಸರ್ಕಾರದ ಕಛೇರಿಯ ಕಥೆ ಇದಕ್ಕೆ ಉಲ್ಟಾ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಪುರೋಹಿತ ಬೇಡ, ಮೂರು ಸಾಕ್ಷಿ ಸಾಕು. ಆದರೆ ಮೂವತ್ತು ದಿನ ಮೊದಲೇ ನೋಟೀಸು ಕೊಡಬೇಕು, ಅದನ್ನು ಕಛೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ. ಮದುವೆಗೆ ಮೊದಲು, ಹುಡುಗಿ ಇನ್ನೂ ತಂದೆಯ ಮನೆಯಲ್ಲೇ ಇರುವಾಗ, ಅವಳ ಹೆಸರು ವಿಳಾಸಗಳನ್ನು ಗೋಡೆಗೆ ಹಚ್ಚುವುದೆಂದರೆ ಕ್ಯಾಪುಲೆಟ್‌ನ ಮನೆಗೆ ಹೋಗಿ ಬಾಗಿಲು ತಟ್ಟಿದಂತೆ. ಗುಟ್ಟು ನಿಜವಾಗಿ ಬೇಕಾಗಿರುವುದು ಮದುವೆಗೆ ಮುಂಚೆ. ಬಾಯಿ ಬಿಟ್ಟು ಹೇಳುವವರು ಬೇಕಾಗಿರುವುದು ಮದುವೆಯಾದ ಮೇಲೆ. ನಮ್ಮಲ್ಲಿ ಎರಡೂ ತಲೆಕೆಳಗಾಗಿದೆ. ಸರ್ಕಾರ ಮುಂಚೆಯೇ ಸಾರುತ್ತದೆ. ಮದುವೆ ಮಾಡಿಸಿದವರು ಆಮೇಲೆ ಮಾತಾಡುವುದಿಲ್ಲ. ಅಲಹಾಬಾದ್ ಹೈಕೋರ್ಟು 2021ರ ಜನವರಿಯಲ್ಲಿ, ಈ ನೋಟೀಸು ಪ್ರಕಟಿಸುವುದು ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದು ಹೇಳಿತು. ದೇಶಕ್ಕೆಲ್ಲ ಅನ್ವಯಿಸುವಂತೆ ಕಾಯಿದೆಯನ್ನೇ ತಿದ್ದುವುದು ಇನ್ನೂ ಬಾಕಿ ಇದೆ.

ಅದರ ಮರುತಿಂಗಳು, 2021ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ನಮ್ಮದೇ ಬೆಳಗಾವಿ ಜಿಲ್ಲೆಯ ಪ್ರಕರಣ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಯುವತಿ ಮನೆಯವರಿಗೆ ಹೇಳದೆ ದೆಹಲಿಗೆ ಹೋಗಿ ತಾನು ಮೆಚ್ಚಿದ ಅಧ್ಯಾಪಕನನ್ನು ಮದುವೆಯಾದಳು. ತಂದೆ ಮುರಗೋಡ ಠಾಣೆಯಲ್ಲಿ ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಮದುವೆಯ ಕಾಗದ ತಲುಪಿದ ಮೇಲೂ ತನಿಖಾಧಿಕಾರಿ, ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಹಟ ಹಿಡಿದರು. ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ ರಾಯ್ ಅವರ ಪೀಠ, ವಯಸ್ಸಿಗೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆತನದ, ಕುಲದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ಪ್ರಕರಣಗಳನ್ನು ಹೇಗೆ ನಿಭಾಯಿಸಬೇಕೆಂದು ಪೊಲೀಸರಿಗೆ ಎಂಟು ವಾರದಲ್ಲಿ ಮಾರ್ಗಸೂಚಿ ಮತ್ತು ತರಬೇತಿ ಸಿದ್ಧವಾಗಬೇಕೆಂದಿತು. ಟ್ರೆಂಟಿನ ಸಭೆ ಆಡಿದ ಮಾತಿಗೆ ನಾನೂರೈವತ್ತು ವರ್ಷಗಳ ಬಳಿಕ ಬಂದ ಪ್ರತಿಧ್ವನಿಯಂತೆ ನನಗೆ ಇದು ಕೇಳಿಸಿತು: ಸಾಕ್ಷಿ ಸಾಕು, ಅಪ್ಪಣೆ ಬೇಡ. ಆದರೆ ಆ ಯುವತಿ ಅಷ್ಟು ದೂರ ಓಡಬೇಕಾಯಿತಲ್ಲ. ಅವಳ ಊರಿನಲ್ಲೇ ಒಬ್ಬ ಗುರು, ಒಬ್ಬ ಸ್ವಾಮೀಜಿ, ಒಬ್ಬ ಪ್ರಿನ್ಸಿಪಾಲ್ ಮುಂದೆ ನಿಂತಿದ್ದರೆ ದೆಹಲಿಯ ಟಿಕೆಟ್ಟು ಬೇಕಾಗುತ್ತಿತ್ತೇ?

ಪುರೋಹಿತನಿಲ್ಲದ ಮದುವೆಯನ್ನೂ ಕನ್ನಡ ಕಂಡಿದೆ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿಸಿದರು. ಅರ್ಥವಾಗುವ ಮಾತುಗಳು, ಆಡಂಬರವಿಲ್ಲ, ವರದಕ್ಷಿಣೆಯಿಲ್ಲ, ಮುಹೂರ್ತದ ಗೊಡವೆಯಿಲ್ಲ. ಅವರು ಕೈಬಿಟ್ಟದ್ದು ಪುರೋಹಿತನನ್ನು ಮಾತ್ರ. ನೆರೆದ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಪ್ರತಿಜ್ಞೆ ಮಾಡುವುದನ್ನು ಕೈಬಿಡಲಿಲ್ಲ. ಸಾಕ್ಷಿಯ ಪೀಠದಲ್ಲಿ ಯಾರು ಕೂತರೂ ಆದೀತು, ಆ ಪೀಠ ಖಾಲಿ ಇರಬಾರದು ಎಂದು ಅವರಿಗೆ ಗೊತ್ತಿತ್ತು.

ಬ್ರೂಕ್‌ನ ಕವಿತೆಯಲ್ಲಿ ರೋಮಿಯೋಗೆ ವಿಷ ಮಾರಿದವನನ್ನು ಗಲ್ಲಿಗೆ ಹಾಕುತ್ತಾರೆ, ಜೂಲಿಯೆಟ್‌ಳ ದಾದಿಯನ್ನು ಗಡಿಪಾರು ಮಾಡುತ್ತಾರೆ, ಲಾರೆನ್ಸನನ್ನು ಬಿಟ್ಟುಬಿಡುತ್ತಾರೆ. ಅವನು ಊರಾಚೆಯ ಆಶ್ರಮಕ್ಕೆ ಹೋಗಿ ಐದು ವರ್ಷ ಇದ್ದು ಸಾಯುತ್ತಾನೆ. ಷೇಕ್ಸ್‌ಪಿಯರನ ನಾಟಕದಲ್ಲೂ ಪ್ರಭು ಅವನನ್ನು ಶಿಕ್ಷಿಸುವುದಿಲ್ಲ, ನೀನು ಪುಣ್ಯವಂತನೆಂದು ನಾವು ಬಲ್ಲೆವು ಎನ್ನುತ್ತಾನೆ. ನನ್ನ ತೀರ್ಪೂ ಶಿಕ್ಷೆಯದಲ್ಲ. ಆದರೆ ಪುಣ್ಯವಂತ ಎಂಬ ಒಂದೇ ಕಾರಣಕ್ಕೆ ಅವನನ್ನು ಬಿಟ್ಟದ್ದು ಸರಿಯೆನ್ನಲಾರೆ. ಆ ಪುಣ್ಯದ ಹೆಸರು ಅವನಲ್ಲಿ ಇಲ್ಲದೆ ಹೋಗಿದ್ದರೆ ಮಂಗಳವಾರದ ಮೌನವನ್ನು ನಾನೂ ಕ್ಷಮಿಸುತ್ತಿದ್ದೆ.

ಈ ಲೇಖನ ಓದುವವರಲ್ಲಿ ಮಂತ್ರ ಹೇಳುವವರು ಇರಬಹುದು, ಪಾದ್ರಿಗಳು ಇರಬಹುದು, ನಿಕಾಹ್ ಓದಿಸುವವರು ಇರಬಹುದು. ರಿಜಿಸ್ಟರ್ ಕಛೇರಿಯಲ್ಲಿ ಗೆಳೆಯನಿಗಾಗಿ ಮೂರನೆಯ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ ಬಂದವರಂತೂ ಇದ್ದೇ ಇರುತ್ತಾರೆ. ನಿಮ್ಮಲ್ಲಿ ಕೇಳುವುದು ಇಷ್ಟೇ. ವಯಸ್ಸಿಗೆ ಬಂದ ಇಬ್ಬರು ಮನಸ್ಸಾರೆ ಒಪ್ಪಿ ನಿಮ್ಮ ಮುಂದೆ ನಿಂತರೆ ಕೈಜೋಡಿಸಿ, ಹಿಂದೆ ಸರಿಯಬೇಡಿ. ಆದರೆ ಆ ದಿನವೇ ನಿಮ್ಮ ಫೋನ್ ನಂಬರನ್ನು ಅವರ ಕೈಗೆ ಕೊಡಿ. ನಾಳೆ ಠಾಣೆಯಲ್ಲಿ, ಪಂಚಾಯಿತಿಯಲ್ಲಿ, ಹುಡುಗಿಯ ತಂದೆಯ ಜಗಲಿಯಲ್ಲಿ ನಿಮ್ಮ ಹೆಸರು ಬಂದಾಗ ಎದ್ದು ನಿಂತು ಹೇಳಿ: ಹೌದು, ನಾನಿದ್ದೆ, ನನ್ನ ಕಣ್ಣೆದುರೇ ಆಯಿತು.